ಹಡಗಲಿಯ ರಾವ್, ಹೊಳಲಿನ ಹೊಲ ಮತ್ತು ದತ್ತಾಂಶದ ಪಾಠ

ಸಿ.ಆರ್. ರಾವ್ ಅವರ ಪ್ರಮೇಯಗಳನ್ನು ದಾಟದೆ ಸಂಖ್ಯಾಶಾಸ್ತ್ರದ ಉನ್ನತ ಪಾಠ ಜಗತ್ತಿನಲ್ಲೆಲ್ಲೂ ಮುಂದೆ ಸಾಗದು. ಅವರು ಹುಟ್ಟಿದ್ದು ಹಡಗಲಿಯಲ್ಲಿ, ಎಂದರೆ ಹೂವಿನಹಡಗಲಿಯಲ್ಲಿ. ಅದೇ ತಾಲ್ಲೂಕಿನ ಹೊಳಲಿನ ಮಳೆಮಾಪಕ, ಪಹಣಿ, ಹೊಲ, ಮಾರುಕಟ್ಟೆಗಳಿಂದ ಇಂದು ದಿನವೂ ದತ್ತಾಂಶ ಹರಿಯುತ್ತಿದೆ. ಈ ಸೀಮೆಯ ಕಾಲೇಜುಗಳಲ್ಲಿ ದತ್ತಾಂಶ ವಿಜ್ಞಾನದ ತರಬೇತಿ ಯಾವ ನೆಲದಿಂದ ಆರಂಭವಾಗಬೇಕು?

ಜೂನ್ ತಿಂಗಳ ಕೊನೆಯ ವಾರ ಆರಿದ್ರಾ ಮಳೆ ಹಿಡಿಯಿತೆಂದರೆ ಹೂವಿನಹಡಗಲಿ ತಾಲ್ಲೂಕಿನ ಹೊಳಲಿನ ಸುತ್ತಲಿನ ಮಸಾರಿ ಹೊಲಗಳಿಗೆ ಕೂರಿಗೆ ಇಳಿಯುತ್ತದೆ. ಎರೆಹೊಲದವರು ಇನ್ನಷ್ಟು ಹದಕ್ಕಾಗಿ ಆಕಾಶ ನೋಡುತ್ತಾರೆ. ಬೀಜ, ಗೊಬ್ಬರ ಕೊಳ್ಳುವವರ ಸಾಲು ರೈತ ಸಂಪರ್ಕ ಕೇಂದ್ರಗಳ ಮುಂದೆ ಬೆಳೆಯುತ್ತದೆ. ಅದೇ ಹೊತ್ತಿನಲ್ಲಿ, ಯಾರ ಗಮನಕ್ಕೂ ಬಾರದಂತೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮಳೆಮಾಪಕವು ಬಿದ್ದ ಮಳೆಯ ಲೆಕ್ಕವನ್ನು ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಕಳುಹಿಸುತ್ತಿರುತ್ತದೆ.

ಈ ಆರಿದ್ರಾ ಮಳೆಯ ದಿನಗಳಲ್ಲಿಯೇ, ಜೂನ್ 29ರಂದು, ದೇಶವು ಸಾಂಖ್ಯಿಕ ದಿನವನ್ನು ಆಚರಿಸುತ್ತದೆ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು 1931ರಲ್ಲಿ ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರ ಜನ್ಮದಿನವನ್ನು 2007ರಿಂದ ಹೀಗೆ ಗುರುತಿಸಲಾಗುತ್ತಿದೆ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಗೆ ಈ ಶಾಸ್ತ್ರದೊಡನೆ ಇರುವ ಸಂಬಂಧವು ಮಹಾಲನೋಬಿಸ್ ಅವರಿಗಿಂತಲೂ ಅವರ ಶಿಷ್ಯರೊಬ್ಬರ ಮೂಲಕ ಹೆಚ್ಚು ಗಾಢವಾದುದು.

ಹಡಗಲಿಯಿಂದ ಕಲ್ಕತ್ತೆಗೆ

ಕಲ್ಯಂಪುಡಿ ರಾಧಾಕೃಷ್ಣ ರಾವ್ ಅವರು 1920ರ ಸೆಪ್ಟೆಂಬರ್ 10ರಂದು ಹಡಗಲಿಯಲ್ಲಿ, ತೆಲುಗು ಮನೆಮಾತಿನ ಕುಟುಂಬವೊಂದರ ಎಂಟನೆಯ ಮಗುವಾಗಿ ಜನಿಸಿದರು. ಆಗ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1953ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂದಿತು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಹಡಗಲಿ ಈಗ ಒಂದು ತಾಲ್ಲೂಕು ಕೇಂದ್ರ.

ತಂದೆ ಪೊಲೀಸ್ ಇಲಾಖೆಯಲ್ಲಿದ್ದುದರಿಂದ ವರ್ಗಾವಣೆಗಳ ಬೆನ್ನಿಗೆ ಕುಟುಂಬವೂ ಊರೂರು ಸುತ್ತಿತು, ಬಾಲಕನ ಓದು ಆಂಧ್ರದ ಹಲವು ಊರುಗಳಲ್ಲಿ ಹಂಚಿಹೋಯಿತು. ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಸ್ನಾತಕೋತ್ತರ ಪದವಿ ಮುಗಿಸಿದ ರಾವ್ ಅವರು ಸೇನೆಯ ಸರ್ವೆ ವಿಭಾಗದ ಗಣಿತಜ್ಞನ ಹುದ್ದೆಯ ಸಂದರ್ಶನಕ್ಕೆಂದು ಕಲ್ಕತ್ತೆಗೆ ಹೋದರು. ಆ ಹುದ್ದೆ ದೊರೆಯಲಿಲ್ಲ. ಆದರೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ತರಬೇತಿ ಪಡೆಯುತ್ತಿದ್ದವರೊಬ್ಬರ ಪರಿಚಯವಾಗಿ, 1941ರ ಜನವರಿ 1ರಂದು ಅವರೂ ಅದೇ ತರಬೇತಿಗೆ ಸೇರಿದರು.

ಇಂದು ಉದ್ಯೋಗದ ನಿರೀಕ್ಷೆಯಿಂದ ದತ್ತಾಂಶ ವಿಜ್ಞಾನದ ಕೋರ್ಸುಗಳ ಬಾಗಿಲು ಬಡಿಯುತ್ತಿರುವ ಸಾವಿರಾರು ಪದವೀಧರರ ಸ್ಥಿತಿಯಲ್ಲಿಯೇ ಅಂದು ಈ ಯುವಕನೂ ಇದ್ದರೆಂಬುದನ್ನು ಗಮನಿಸಬೇಕು. ಕೆಲಸ ಹುಡುಕಿಕೊಂಡು ಬಂದವನಿಗೆ ಅಲ್ಲಿ ಸಿಕ್ಕಿದ್ದು ಒಂದು ಶಾಸ್ತ್ರ. ಅದೇ ವರ್ಷ ಕಲ್ಕತ್ತಾ ವಿಶ್ವವಿದ್ಯಾಲಯವು ದೇಶದಲ್ಲಿಯೇ ಮೊದಲ ಬಾರಿಗೆ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ತರಗತಿಯನ್ನು ಆರಂಭಿಸಿತು; ಆ ಮೊದಲ ತಂಡದಲ್ಲಿದ್ದ ರಾವ್ ಅವರು 1943ರಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದರು.

ತರಗತಿಯಲ್ಲಿ ಎದ್ದ ಪ್ರಶ್ನೆ

ಪದವಿ ಪಡೆದ ಬೆನ್ನಿಗೇ ರಾವ್ ಅವರು ಪಾಠ ಹೇಳಲು ನಿಂತರು. ಅಂದಾಜು ಮಾಡುವ ವಿಧಾನಗಳ ಕುರಿತು ಅವರು ಬೋಧಿಸುತ್ತಿದ್ದಾಗ, ಇಂಗ್ಲೆಂಡಿನ ರೊನಾಲ್ಡ್ ಫಿಷರ್ ಅವರು ಅತಿ ದೊಡ್ಡ ಮಾದರಿಗಳಿಗೆ ಹೇಳಿದ ಒಂದು ಫಲಿತಾಂಶವು ಸಣ್ಣ ಮಾದರಿಗಳಿಗೂ ಅನ್ವಯಿಸುವುದೇ ಎಂದು ವಿ.ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ ಕೇಳಿದರು. ಆ ರಾತ್ರಿ ಕುಳಿತು ಲೆಕ್ಕ ಬಿಡಿಸಿದ ರಾವ್ ಅವರು ಮರುದಿನ ಉತ್ತರವನ್ನು ತರಗತಿಯ ಮುಂದಿಟ್ಟರು.

ಆ ಉತ್ತರವೇ 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧದ ಒಂದು ಭಾಗವಾಯಿತು. ಸ್ವೀಡನ್ನಿನ ಹರಾಲ್ಡ್ ಕ್ರೇಮರ್ ಅವರೂ ಸ್ವತಂತ್ರವಾಗಿ ಅದೇ ಫಲಿತಾಂಶವನ್ನು ತಲುಪಿದ್ದರಿಂದ ಅದನ್ನು ಕ್ರೇಮರ್–ರಾವ್ ಮಿತಿ ಎಂದು ಕರೆಯಲಾಗುತ್ತದೆ. ಒಂದು ಕಡೆಗೆ ವಾಲದ ಯಾವುದೇ ಅಂದಾಜನ್ನು ತೆಗೆದುಕೊಂಡರೂ, ಅದರ ಚದುರುವಿಕೆಯು, ಎಂದರೆ ಒಂದೊಂದು ಮಾದರಿಗೆ ಒಂದೊಂದು ಉತ್ತರ ಬರುವ ಪ್ರಮಾಣವು, ಒಂದು ನಿರ್ದಿಷ್ಟ ಮಟ್ಟಕ್ಕಿಂತ ಕೆಳಗಿಳಿಯಲಾರದು ಎಂಬುದೇ ಆ ಮಿತಿಯ ತಿರುಳು; ಆ ಮಟ್ಟವನ್ನು ನಿರ್ಧರಿಸುವುದು ದತ್ತಾಂಶದೊಳಗೆ ಎಷ್ಟು ಮಾಹಿತಿ ಇದೆ ಎಂಬುದೇ ಹೊರತು ಲೆಕ್ಕ ಹಾಕುವವನ ಜಾಣತನವಲ್ಲ, ಗಣಕದ ವೇಗವೂ ಅಲ್ಲ.

ಅದೇ ಪ್ರಬಂಧದಲ್ಲಿ ಇನ್ನೂ ಎರಡು ಮಹತ್ವದ ವಿಚಾರಗಳಿದ್ದವು. ಒರಟಾದ ಅಂದಾಜೊಂದನ್ನು ದತ್ತಾಂಶದ ಸಾರವನ್ನೆಲ್ಲ ಬಳಸಿಕೊಂಡು ಉತ್ತಮಪಡಿಸುವ ಕ್ರಮ ಒಂದು. ಅಮೆರಿಕದ ಡೇವಿಡ್ ಬ್ಲ್ಯಾಕ್‌ವೆಲ್ ಅವರೂ ಎರಡು ವರ್ಷಗಳ ಬಳಿಕ ಅದನ್ನು ಕಂಡುಕೊಂಡ ಕಾರಣ ಅದು ರಾವ್–ಬ್ಲ್ಯಾಕ್‌ವೆಲ್ ಪ್ರಮೇಯವಾಯಿತು. ಸಂಭವನೀಯತೆಯ ಮಾದರಿಗಳ ನಡುವಿನ ಅಂತರವನ್ನು ರೇಖಾಗಣಿತದ ಕಣ್ಣಿನಿಂದ ಅಳೆಯುವುದು ಇನ್ನೊಂದು. ಇಂದು ಕೃತಕ ಬುದ್ಧಿಮತ್ತೆಯ ಸಂಶೋಧಕರು ಬಳಸುವ ಮಾಹಿತಿ ರೇಖಾಗಣಿತಕ್ಕೆ ಅಲ್ಲಿಯೇ ಅಡಿಪಾಯ ಬಿದ್ದಿತು. ಪ್ರಬಂಧ ಬರೆದಾತನಿಗೆ ಆಗ ಇಪ್ಪತ್ತೈದರ ಹರೆಯ.

ಪ್ರಶ್ನೆ ಕೇಳಿದ ದಾಂಡೇಕರ್ ಅವರು ಮುಂದೆ ದೇಶದ ಪ್ರಮುಖ ಅರ್ಥಶಾಸ್ತ್ರಜ್ಞರಾಗಿ, ನೀಲಕಂಠ ರಥ್ ಅವರೊಡನೆ ಬಡತನವನ್ನು ಅಳೆದು ತೋರಿದರು. ಮಹಾರಾಷ್ಟ್ರದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿ 1984ರಲ್ಲಿ ವರದಿ ಕೊಟ್ಟ ಸಮಿತಿಯ ನೇತೃತ್ವವನ್ನೂ ವಹಿಸಿದರು. ಕರ್ನಾಟಕದಲ್ಲಿ ಅಂಥದೇ ಕೆಲಸವನ್ನು ಡಿ.ಎಂ. ನಂಜುಂಡಪ್ಪ ಅವರ ಸಮಿತಿ ಮಾಡಿತು. 2002ರ ಅದರ ವರದಿಯು 35 ಸೂಚಕಗಳನ್ನು ಒಂದುಗೂಡಿಸಿ ರಾಜ್ಯದ 175 ತಾಲ್ಲೂಕುಗಳನ್ನು ತೂಗಿ, ಅವುಗಳಲ್ಲಿ 114 ಹಿಂದುಳಿದಿವೆ ಎಂದಿತು. ಆ 114ರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಒಂದು ತಾಲ್ಲೂಕಿನ ಬದುಕನ್ನು ಅಂಕಿಗಳಾಗಿ ಮಾರ್ಪಡಿಸಿ, ಆ ಅಂಕಿಗಳಿಂದ ಅನುದಾನದ ಹಂಚಿಕೆಯನ್ನು ಸೂಚಿಸಿದ ಈ ಕಾರ್ಯವು, ದತ್ತಾಂಶ ವಿಜ್ಞಾನವೆಂಬ ಹೆಸರು ಕರ್ನಾಟಕದ ಕಾಲೇಜುಗಳಿಗೆ ಬರುವುದಕ್ಕೆ ಬಹಳ ಮುಂಚೆಯೇ ಆ ವಿಜ್ಞಾನದ ಸಾರ್ವಜನಿಕ ಬಳಕೆಯಾಗಿತ್ತು.

[ಚೌಕಟ್ಟು] ಒಂದು ಶತಮಾನದ ಬಾಳು

1941: ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ತರಬೇತಿಗೆ ಸೇರ್ಪಡೆ.
1948: ರೊನಾಲ್ಡ್ ಫಿಷರ್ ಅವರ ಮಾರ್ಗದರ್ಶನದಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್.
1968: ಪದ್ಮಭೂಷಣ.
1972: ಮಹಾಲನೋಬಿಸ್ ಅವರ ನಿಧನಾನಂತರ ಸಂಸ್ಥೆಯ ನಿರ್ದೇಶಕ ಸ್ಥಾನ. ಆ ದಶಕದ ಕೊನೆಗೆ ಅಮೆರಿಕಕ್ಕೆ.
2001: ಪದ್ಮವಿಭೂಷಣ.
2007: ಅವರ ಶಿಷ್ಯ ಎಸ್.ಆರ್.ಎಸ್. ವರದನ್ ಅವರಿಗೆ ಗಣಿತದ ಆಬೆಲ್ ಪ್ರಶಸ್ತಿ.
2023: 1945ರ ಪ್ರಬಂಧವನ್ನು ಮುಂದಿಟ್ಟು ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ. ಆಗ ಅವರಿಗೆ 102 ವರ್ಷ. ಅದೇ ವರ್ಷದ ಆಗಸ್ಟ್‌ನಲ್ಲಿ ನಿಧನ.

ಐರಿಸ್ ಹೂವು, ಹಡಗಲಿ ಮಲ್ಲಿಗೆ

ದತ್ತಾಂಶ ವಿಜ್ಞಾನ ಕಲಿಯುವ ವಿದ್ಯಾರ್ಥಿಗಳು, ಅವರು ಬೆಂಗಳೂರಿನವರಾಗಲಿ ಬೋಸ್ಟನ್ನಿನವರಾಗಲಿ, ಮೊದಮೊದಲು ಬಿಡಿಸುವ ಲೆಕ್ಕಗಳಲ್ಲಿ ಐರಿಸ್ ಎಂಬ ಹೂವಿನದೂ ಒಂದು. ಎಡ್ಗರ್ ಆಂಡರ್ಸನ್ ಎಂಬ ಸಸ್ಯವಿಜ್ಞಾನಿ ಅಳೆದ, ಮೂರು ಪ್ರಭೇದಗಳಿಗೆ ಸೇರಿದ ತಲಾ 50ರಂತೆ 150 ಹೂಗಳ ನಾಲ್ಕು ಅಳತೆಗಳನ್ನು, ಎಂದರೆ ಹೊರದಳ ಮತ್ತು ಒಳದಳಗಳ ಉದ್ದ, ಅಗಲಗಳನ್ನು, ಬಳಸಿಕೊಂಡು ಹೂವಿನ ಪ್ರಭೇದವನ್ನು ಹೇಳುವ ಸೂತ್ರವನ್ನು ಫಿಷರ್ ಅವರು 1936ರಲ್ಲಿ ಪ್ರಕಟಿಸಿದರು. ದತ್ತಾಂಶ ವಿಶ್ಲೇಷಣೆಗೆಂದು ಇಂದು ಎಲ್ಲೆಡೆ ಬಳಕೆಯಲ್ಲಿರುವ ಆರ್ ಎಂಬ ಗಣಕ ಭಾಷೆಯ ಜೊತೆಗೂ ಪೈಥಾನ್ ಎಂಬ ಭಾಷೆಯ ಗ್ರಂಥಾಲಯಗಳ ಜೊತೆಗೂ ಈ 150 ಸಾಲುಗಳು ಸಿದ್ಧವಾಗಿಯೇ ಬರುತ್ತವೆ.

ಫಿಷರ್ ಅವರ ಆ ವಿಧಾನವನ್ನು ಅನೇಕ ಗುಂಪುಗಳನ್ನು ಏಕಕಾಲಕ್ಕೆ ಬೇರ್ಪಡಿಸುವಂತೆ ವಿಸ್ತರಿಸಿ ವ್ಯವಸ್ಥಿತ ರೂಪ ಕೊಟ್ಟವರು ರಾವ್ ಅವರು. ಸುಡಾನಿನಿಂದ ತಂದಿದ್ದ ಪ್ರಾಚೀನ ಅಸ್ಥಿಪಂಜರಗಳನ್ನು ಅಳೆದು, ಆ ಜನರ ಸಂಬಂಧಗಳನ್ನು ತಿಳಿಯುವ ಕೆಲಸಕ್ಕೆಂದು ಕೇಂಬ್ರಿಡ್ಜ್‌ನ ಮಾನವಶಾಸ್ತ್ರ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದ ಅವರು, 1948ರಲ್ಲಿ ಈ ವಿಸ್ತರಣೆಯನ್ನು ಪ್ರಕಟಿಸಿದರು. ಹೀಗಾಗಿ ಹೂಗಳ ವರ್ಗೀಕರಣದ ಈ ಪಾಠವು ಹೂವಿನ ಹೆಸರನ್ನೇ ಹೊತ್ತ ಊರಿನಲ್ಲಿ ಹುಟ್ಟಿದವರ ಕೈದಾಟಿ ಬಂದಿದೆ. ಆದರೂ ಆ ಊರಿನ ಹೂವು ಯಾವ ಪಾಠದಲ್ಲಿಯೂ ಇಲ್ಲ.

ವಿಜಯನಗರದ ಕಾಲದಲ್ಲಿ ತುಂಗಭದ್ರೆಯ ಮೇಲೆ ಇಲ್ಲಿಂದ ಹಂಪಿಗೆ ಹಡಗುಗಳಲ್ಲಿ ಹೂವು ಸಾಗುತ್ತಿತ್ತೆಂಬುದು ಜನರ ನಂಬಿಕೆ. ಹಡಗಲಿ ಮಲ್ಲಿಗೆ, ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ ಈ ಮೂರಕ್ಕೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ, ಎಂದರೆ ಒಂದು ವಸ್ತುವಿನ ಗುಣ ಅದರ ನೆಲಕ್ಕೆ ಅಂಟಿಕೊಂಡಿದೆ ಎಂಬ ಕಾನೂನಿನ ಮುದ್ರೆ, ದೊರೆತಿದೆ. ಈ ಮೂರು ಮಲ್ಲಿಗೆಗಳಿಂದ ತಲಾ 50 ಮೊಗ್ಗುಗಳನ್ನು ಆರಿಸಿ ಮೊಗ್ಗಿನ ಉದ್ದ, ನಾಳದ ಉದ್ದ, ದಳದ ಅಗಲ, ತೂಕ ಇಷ್ಟನ್ನು ಅಳೆದರೆ, ಐರಿಸ್‌ನ ಪಾಠ ಕಲಿಸುವುದನ್ನೆಲ್ಲ ಅದು ಕಲಿಸುತ್ತದೆ. ಐರಿಸ್ ಕಲಿಸದ ಒಂದನ್ನೂ ಕಲಿಸುತ್ತದೆ.

ಆ ಒಂದು ಯಾವುದೆಂದರೆ ದತ್ತಾಂಶವು ಹುಟ್ಟುವ ಬಗೆ. ಯಾವ ತೋಟದಿಂದ, ಯಾವ ಗಿಡದಿಂದ, ಬೆಳಗಿನ ಯಾವ ಹೊತ್ತಿನಲ್ಲಿ ಕಿತ್ತ ಮೊಗ್ಗು ಅದು? ಮೊದಲ ಹತ್ತು ಮೊಗ್ಗುಗಳು ಕೈಗೆಟುಕಿದವುಗಳೇ, ಯಾದೃಚ್ಛಿಕವಾಗಿ, ಎಂದರೆ ಎಲ್ಲಕ್ಕೂ ಸಮಾನ ಅವಕಾಶ ಸಿಗುವಂತೆ, ಆರಿಸಿದವೇ? ಇಬ್ಬರು ಅಳೆದಾಗ ಒಂದೇ ಮೊಗ್ಗಿಗೆ ಎರಡು ಅಳತೆ ಬಂದರೆ ಯಾವುದನ್ನು ಬರೆಯಬೇಕು? ಸಿದ್ಧಪಟ್ಟಿಯನ್ನು ಪರದೆಯ ಮೇಲೆ ತೆರೆದವರಿಗೆ ಈ ಪ್ರಶ್ನೆಗಳು ಹುಟ್ಟುವುದೇ ಇಲ್ಲ.

ಉಪಕರಣ ಮೊದಲೋ, ಶಾಸ್ತ್ರ ಮೊದಲೋ

ಬಿಗ್ ಡೇಟಾ, ಎಂದರೆ ಬೃಹತ್ ದತ್ತಾಂಶ ಎಂಬ ಮಾತಿಗೆ 2001ರಲ್ಲಿ ಡಗ್ ಲೇನಿ ಎಂಬ ವಿಶ್ಲೇಷಕರು ಗುರುತಿಸಿದ ಮೂರು ಲಕ್ಷಣಗಳು ಇಂದಿಗೂ ಪಠ್ಯಪುಸ್ತಕಗಳ ಮೊದಲ ಪುಟದಲ್ಲಿವೆ: ಗಾತ್ರ, ವೇಗ, ವೈವಿಧ್ಯ. ಒಂದು ಗಣಕದಲ್ಲಿ ಹಿಡಿಸದಷ್ಟು, ಬಂದಷ್ಟೇ ಬೇಗ ಓದಬೇಕಾದಷ್ಟು, ಅಂಕಿ, ಚಿತ್ರ, ಧ್ವನಿ, ಬರಹಗಳೆಲ್ಲ ಬೆರೆತಿರುವಷ್ಟು ದತ್ತಾಂಶ ಎಂಬುದು ಅದರ ಅರ್ಥ.

ಇಂಥದನ್ನು ನಿಭಾಯಿಸಲು ಗೂಗಲ್ ಸಂಸ್ಥೆಯ ಎಂಜಿನಿಯರುಗಳು 2004ರಲ್ಲಿ ಮ್ಯಾಪ್‌ರೆಡ್ಯೂಸ್ ಎಂಬ ಕ್ರಮವನ್ನು ಪ್ರಕಟಿಸಿದರು. 2006ರಲ್ಲಿ ಅದೇ ತತ್ತ್ವದ ಮೇಲೆ ಹಡೂಪ್ ಎಂಬ ಮುಕ್ತ ತಂತ್ರಾಂಶ ಬಂದಿತು. ಜಿಲ್ಲೆಯ ಮೆಕ್ಕೆಜೋಳದ ವಿಸ್ತೀರ್ಣ ಬೇಕಾದಾಗ ಎಲ್ಲ ಪಹಣಿಗಳನ್ನೂ ಜಿಲ್ಲಾ ಕೇಂದ್ರವಾದ ಹೊಸಪೇಟೆಗೆ ಹೊತ್ತು ತರುವ ಬದಲು, ಆಯಾ ಪಂಚಾಯಿತಿಯ ಲೆಕ್ಕವನ್ನು ಆಯಾ ಪಂಚಾಯಿತಿಯಲ್ಲಿಯೇ ಮಾಡಿಸಿ, ಮೊತ್ತಗಳನ್ನು ಮಾತ್ರ ತರಿಸಿ ಕೂಡಿದಂತೆ, ಈ ಕ್ರಮವು ಕೆಲಸವನ್ನು ನೂರಾರು ಗಣಕಗಳಿಗೆ ಹಂಚಿ ಉತ್ತರಗಳನ್ನು ಒಂದುಗೂಡಿಸುತ್ತದೆ.

ಕರ್ನಾಟಕದ ಎಂಜಿನಿಯರಿಂಗ್ ಶಿಕ್ಷಣದೊಳಗೆ ಈ ವಿಷಯವು ಕೆಲವೇ ವರ್ಷಗಳಲ್ಲಿ ಕೆಳಗಿನ ತರಗತಿಗಳ ಕಡೆಗೆ ಇಳಿದು ಬಂದ ರೀತಿ ಕುತೂಹಲಕರವಾಗಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗದ ಎಂಟನೆಯ, ಎಂದರೆ ಕೊನೆಯ, ಸೆಮಿಸ್ಟರಿನಲ್ಲಿದ್ದ ಬೃಹತ್ ದತ್ತಾಂಶ ವಿಶ್ಲೇಷಣೆಯು 2018ರ ಪಠ್ಯಕ್ರಮದಲ್ಲಿ ಏಳನೆಯದಕ್ಕೆ ಬಂದಿತು. 2020ರ ಸುಮಾರಿಗೆ ಕೃತಕ ಬುದ್ಧಿಮತ್ತೆ ಮತ್ತು ದತ್ತಾಂಶ ವಿಜ್ಞಾನ ಎಂಬ ಪೂರ್ಣ ಪ್ರಮಾಣದ ಪದವಿಗಳೇ ತೆರೆದುಕೊಂಡವು. ಅದೇ ವರ್ಷ ಮದ್ರಾಸಿನ ಐಐಟಿಯು ಜೆಇಇ ಪರೀಕ್ಷೆಯ ಹಂಗಿಲ್ಲದೆ, ಮನೆಯಲ್ಲಿಯೇ ಪಾಠ ಕೇಳಿ ಪರೀಕ್ಷಾ ಕೇಂದ್ರದಲ್ಲಿ ಬರೆಯಬಹುದಾದ ದತ್ತಾಂಶ ವಿಜ್ಞಾನದ ಪದವಿಯನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಣನ ಮತ್ತು ದತ್ತಾಂಶ ವಿಜ್ಞಾನಗಳಿಗೆ ಪ್ರತ್ಯೇಕ ವಿಭಾಗವೇ ಇದೆ. ರಾವ್ ಅವರು ಬೆಳೆಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯೂ 2024ರಲ್ಲಿ ಬೆಂಗಳೂರು ಸೇರಿದಂತೆ ತನ್ನ ಕೇಂದ್ರಗಳಲ್ಲಿ ಸಾಂಖ್ಯಿಕ ದತ್ತಾಂಶ ವಿಜ್ಞಾನದ ನಾಲ್ಕು ವರ್ಷಗಳ ಪದವಿಯನ್ನು ತೆರೆಯಿತು.

ಈ ಕೊನೆಯ ಹೆಸರಿನಲ್ಲಿರುವ ‘ಸಾಂಖ್ಯಿಕ’ ಎಂಬ ವಿಶೇಷಣಕ್ಕೆ ತೂಕವಿದೆ. 2015ರ ಆ ಪಠ್ಯಕ್ರಮವು ಹಡೂಪ್‌ನ ಕಡತ ವ್ಯವಸ್ಥೆಯಿಂದ ಆರಂಭವಾಗಿ, ಅದರ ಸಹಾಯಕ ಉಪಕರಣಗಳನ್ನು ಹಾದು, ಆ ಬಳಿಕ ನಿರ್ಣಯ ವೃಕ್ಷ, ಹಿಂಚಲನ ಮೊದಲಾದ ವಿಶ್ಲೇಷಣಾ ವಿಧಾನಗಳಿಗೆ ಬರುತ್ತಿತ್ತು. ಉಪಕರಣದಿಂದ ಶಾಸ್ತ್ರಕ್ಕೆ ಹೋಗುವ ಈ ದಾರಿಯಲ್ಲಿ ವಿದ್ಯಾರ್ಥಿಯು ಗಣಕಕ್ಕೆ ಲೆಕ್ಕ ಹೇಳಲು ಬೇಗ ಕಲಿಯುತ್ತಾನೆ. ಬಂದ ಉತ್ತರವನ್ನು ಎಷ್ಟು ನಂಬಬೇಕು ಎಂಬುದನ್ನು ಮಾತ್ರ ಕಲಿಯದೆ ಉಳಿಯುವ ಅಪಾಯವಿದೆ. ಉಪಕರಣಗಳು ಐದಾರು ವರ್ಷಗಳಿಗೊಮ್ಮೆ ಬದಲಾಗುತ್ತವೆ, ಹಡೂಪ್‌ನ ಸ್ಥಾನವನ್ನು ಅನೇಕ ಕಡೆ ಸ್ಪಾರ್ಕ್ ಎಂಬ ಇನ್ನೊಂದು ತಂತ್ರಾಂಶ ಈಗಾಗಲೇ ತೆಗೆದುಕೊಂಡಿದೆ. 1945ರ ಪ್ರಮೇಯ ಬದಲಾಗಿಲ್ಲ.

ಹೊಳಲಿನ ಸುತ್ತ ಹರಿಯುವ ಅಂಕಿಗಳು

ಅನಂತಶಯನನ ಬೃಹತ್ ಶಿಲ್ಪಕ್ಕೆ ಹೆಸರಾದ ಹೊಳಲಿನಂಥ ಊರಿನಲ್ಲಿ ಬೃಹತ್ ದತ್ತಾಂಶವೆಂಬುದು ಎಲ್ಲಿಂದಲೋ ತರಬೇಕಾದ ವಸ್ತುವಲ್ಲ. ಗಾತ್ರ, ವೇಗ, ವೈವಿಧ್ಯ ಮೂರೂ ಊರಿನ ಸುತ್ತಲೇ ಇವೆ.

ಮೊದಲನೆಯದು ಮಳೆ. ಬರಗಾಲದ ಉಸ್ತುವಾರಿಗೆಂದು 1988ರಲ್ಲಿ ಆರಂಭವಾದ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರವು ಇಂದು ಆರು ಸಾವಿರಕ್ಕೂ ಹೆಚ್ಚು ದೂರಸಂವೇದಿ ಮಳೆಮಾಪಕಗಳನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಹೊಂದಿದೆ. ಹದಿನೈದು ನಿಮಿಷಕ್ಕೊಂದರಂತೆ ಒಂದು ಮಾಪಕದಿಂದ ದಿನಕ್ಕೆ 96, ವರ್ಷಕ್ಕೆ 35,040 ದಾಖಲೆಗಳು. ಇಡೀ ರಾಜ್ಯದಿಂದ ವರ್ಷಕ್ಕೆ 21 ಕೋಟಿಗೂ ಹೆಚ್ಚು. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ನಕ್ಷತ್ರಗಳ ಹೆಸರಿನಲ್ಲಿ ಮಳೆಯನ್ನು ವಿಂಗಡಿಸಿ ಬಿತ್ತನೆಯ ಕಾಲವನ್ನು ನಿರ್ಧರಿಸುವ ರೈತರ ಪಂಚಾಂಗವನ್ನು ಈ ದಾಖಲೆಗಳ ಪಕ್ಕದಲ್ಲಿಟ್ಟು, ಯಾವ ಮಳೆ ಎಷ್ಟು ವರ್ಷ ಕೈಹಿಡಿದಿದೆ, ಯಾವುದು ಹಿಂದೆ ಮುಂದೆ ಸರಿಯುತ್ತಿದೆ ಎಂದು ಪರಿಶೀಲಿಸುವುದು ಸ್ನಾತಕ ಮಟ್ಟದ ವಿದ್ಯಾರ್ಥಿಗೆ ತಕ್ಕ, ಇಡೀ ವರ್ಷ ಮಾಡಬಹುದಾದ ಯೋಜನಾ ಕಾರ್ಯ. ಮುಂದಿನ ಕಾಲವನ್ನು ತಿಳಿಯುವ ಹಂಬಲ ಈ ತಾಲ್ಲೂಕಿಗೆ ಹೊಸದಲ್ಲ. ಮೈಲಾರದ ಡೆಂಕನ ಮರಡಿಯಲ್ಲಿ ಬಿಲ್ಲನ್ನೇರಿ ಗೊರವಯ್ಯ ನುಡಿಯುವ ಕಾರ್ಣಿಕವನ್ನು ಮಳೆ, ಬೆಳೆಗಳಿಗೆ ಅನ್ವಯಿಸಿ ಅರ್ಥೈಸಲು ಲಕ್ಷಾಂತರ ಜನ ಪ್ರತಿವರ್ಷ ಕಿವಿಗೊಡುತ್ತಾರೆ.

ಎರಡನೆಯದು ಭೂಮಿ. 2000ದ ಸುಮಾರಿಗೆ ಜಾರಿಗೆ ಬಂದ ಭೂಮಿ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. 2020ರ ಮುಂಗಾರಿನಿಂದ ಬೆಳೆ ಸಮೀಕ್ಷೆಯ ಆ್ಯಪ್ ಮೂಲಕ ರೈತರೇ ತಮ್ಮ ಸರ್ವೆ ನಂಬರಿನಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ದಾಖಲಿಸುವ ಅವಕಾಶವೂ ಬಂದಿತು. ಇನ್ನು ಮಾರುಕಟ್ಟೆ: ಎಪಿಎಂಸಿಗಳು ಪ್ರತಿದಿನ ಪ್ರಕಟಿಸುವ ಕನಿಷ್ಠ, ಗರಿಷ್ಠ, ಮಾದರಿ ಬೆಲೆಗಳ ಪಟ್ಟಿಗಳು ಅನೇಕ ವರ್ಷಗಳಷ್ಟು ಹಿಂದಿನಿಂದ ಯಾರಿಗೂ ಮುಕ್ತವಾಗಿ ಸಿಗುತ್ತವೆ.

ಈ ದತ್ತಾಂಶಗಳನ್ನು ಓದಲು ಊರಿನ ತಿಳಿವಳಿಕೆ ಬೇಕು. ಲಾವಣಿಗೆ ಹಿಡಿದು ಉಳುವವನ ಹೆಸರು ಪಹಣಿಯಲ್ಲಿರುವುದಿಲ್ಲ. ವರ್ಷವಿಡೀ ಹೊಲದಲ್ಲಿ ದುಡಿಯುವ ಹೆಂಗಸಿನ ಹೆಸರು ಎಷ್ಟೋ ಸಲ ಎಲ್ಲಿಯೂ ಇರುವುದಿಲ್ಲ. ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಜಂಟಿ ಖಾತೆ ಉಳಿದಿರುತ್ತದೆ. ಅಕ್ಕಡಿಯ ಸಾಲಿನಲ್ಲಿ ಹಾಕಿದ ತೊಗರಿ, ಅಲಸಂದೆ ಮುಖ್ಯ ಬೆಳೆಯ ಹೆಸರಿನಲ್ಲಿ ಮುಚ್ಚಿಹೋಗುತ್ತವೆ. ಇವನ್ನು ಅರಿಯದೆ ಎರಡು ಕೋಟಿ ಸಾಲುಗಳ ಮೇಲೆ ನಡೆಸಿದ ವಿಶ್ಲೇಷಣೆಯು ಅಷ್ಟೇ ದೊಡ್ಡ ಪ್ರಮಾಣದಲ್ಲಿ ದಾರಿ ತಪ್ಪಿಸುತ್ತದೆ. ಹೊಲದ ಬದುವಿನಲ್ಲಿ ಬೆಳೆದ ವಿದ್ಯಾರ್ಥಿಗೆ ಮಹಾನಗರದ ವಿದ್ಯಾರ್ಥಿಗಿಂತ ಇಲ್ಲಿ ನಿಜವಾದ ಮೇಲುಗೈ ಇದೆ, ಮತ್ತು ಇದನ್ನು ಅಂಕಪಟ್ಟಿಯಲ್ಲಿ ಎಣಿಕೆಗೆ ಬರುವ ಅರ್ಹತೆಯಾಗಿ ಪರಿಗಣಿಸುವ ಪಠ್ಯಕ್ರಮ ಇನ್ನೂ ಬರಬೇಕಾಗಿದೆ.

[ಚೌಕಟ್ಟು] ಹೆಸರು ಅಳಿಸಿದ ಮೇಲೆ

ಪಹಣಿ, ಬೆಳೆ ಚಿತ್ರ, ಬ್ಯಾಂಕ್ ಖಾತೆ, ಆಧಾರ್ ಇವೆಲ್ಲ ಒಬ್ಬ ವ್ಯಕ್ತಿಯನ್ನು ಗುರುತಿಸುವ ವಿವರಗಳು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಇಂಥ ವಿವರಗಳ ಬಳಕೆಗೆ ವ್ಯಕ್ತಿಯ ಒಪ್ಪಿಗೆಯನ್ನು ಮುಖ್ಯ ಆಧಾರವಾಗಿಸಿದೆ. ತರಗತಿಯ ಅಧ್ಯಯನಕ್ಕೆ ಹೆಸರು, ಸಂಖ್ಯೆಗಳನ್ನು ತೆಗೆದುಹಾಕಿದರೂ ಸಣ್ಣ ಊರಿನಲ್ಲಿ ‘ಇಷ್ಟು ಎಕರೆ ದಾಳಿಂಬೆ ಬೆಳೆದವರು’ ಎಂಬ ಒಂದೇ ಸಾಲು ಮನೆಯನ್ನು ತೋರಿಸಿಬಿಡಬಲ್ಲದು. ಆದ್ದರಿಂದ ವಿವರಗಳನ್ನು ಒಟ್ಟುಗೂಡಿಸಿ ಬಳಸುವ ಶಿಸ್ತನ್ನು ಮೊದಲ ವರ್ಷದಲ್ಲಿಯೇ ಕಲಿಸುವುದು ಅವಶ್ಯ.

ನಾಲ್ಕು ತುಂಡು ಹೊಲ, ಇಡೀ ಪಂಚಾಯಿತಿಯ ಭವಿಷ್ಯ

ರಾವ್ ಅವರ ಮಿತಿಯು ಹೊಳಲಿನ ರೈತನ ಜೇಬನ್ನು ನೇರವಾಗಿ ಮುಟ್ಟುವುದು ಬೆಳೆ ವಿಮೆಯಲ್ಲಿ. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ನಷ್ಟದ ಪರಿಹಾರವನ್ನು ಒಬ್ಬೊಬ್ಬ ರೈತನ ಹೊಲ ನೋಡಿ ನಿರ್ಧರಿಸುವುದಿಲ್ಲ. ಪ್ರಮುಖ ಬೆಳೆಗಳಿಗೆ ಇಡೀ ಗ್ರಾಮ ಪಂಚಾಯಿತಿಯನ್ನು ಒಂದು ಘಟಕವಾಗಿ ಹಿಡಿದು, ಅಲ್ಲಿ ಕನಿಷ್ಠ ನಾಲ್ಕು ಬೆಳೆ ಕಟಾವು ಪ್ರಯೋಗಗಳನ್ನು ನಡೆಸಲಾಗುತ್ತದೆ. ಯಾದೃಚ್ಛಿಕವಾಗಿ ಆರಿಸಿದ ಹೊಲದಲ್ಲಿ, ಯಾದೃಚ್ಛಿಕವಾಗಿ ಆರಿಸಿದ ಜಾಗದಲ್ಲಿ, ಅನೇಕ ಬೆಳೆಗಳಿಗೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡನ್ನು ಗುರುತಿಸಿ, ಕೊಯ್ದು, ಒಕ್ಕಿ, ತೂಗಿ ಇಳುವರಿಯನ್ನು ಬರೆದುಕೊಳ್ಳುವುದು ಕ್ರಮ.

ಈ ಕ್ರಮದ ಬೇರುಗಳೂ ಅದೇ ಕಲ್ಕತ್ತೆಯ ಪರಂಪರೆಯಲ್ಲಿವೆ. ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜಿಸಲು 1930ರ ದಶಕದ ಕೊನೆಯಲ್ಲಿ ಮಹಾಲನೋಬಿಸ್ ಅವರು ಮಾದರಿ ಸಮೀಕ್ಷೆಗಳನ್ನು ರೂಪಿಸಿದರು. ಕಟಾವಿನ ತುಂಡು ಚಿಕ್ಕದಿರಬೇಕೋ ದೊಡ್ಡದಿರಬೇಕೋ ಎಂಬುದರ ಬಗ್ಗೆ ಅವರಿಗೂ ವಿ.ಜಿ. ಪನ್ಸೆ, ಪಿ.ವಿ. ಸುಖಾತ್ಮೆ ಅವರಿಗೂ ನಡೆದ ತೀವ್ರ ವಾದವಿವಾದವು ಭಾರತೀಯ ಸಂಖ್ಯಾಶಾಸ್ತ್ರದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

ಹಿಂದಿನ ಏಳು ವರ್ಷಗಳಲ್ಲಿ ಅತ್ಯುತ್ತಮವಾದ ಐದರ ಸರಾಸರಿಯನ್ನು ಆಧರಿಸಿ ಒಂದು ಮಿತಿ ಇಳುವರಿಯನ್ನು ನಿಗದಿ ಮಾಡಲಾಗುತ್ತದೆ. ಈ ವರ್ಷದ ಇಳುವರಿ ಅದಕ್ಕಿಂತ ಶೇಕಡಾ ಎಷ್ಟು ಕಡಿಮೆಯೋ, ವಿಮಾ ಮೊತ್ತದ ಅಷ್ಟು ಪಾಲು ಪರಿಹಾರ. ಲೆಕ್ಕವು ಸರಳವಾಗಿಯೇ ಕಾಣುತ್ತದೆ.

ಉದಾಹರಣೆಗೆಂದು ಕಲ್ಪಿಸಿಕೊಂಡ ಕೆಲವು ಅಂಕಿಗಳಲ್ಲಿ ಇದನ್ನು ನೋಡಬಹುದು. ಮೆಕ್ಕೆಜೋಳದ ಮಿತಿ ಇಳುವರಿ ಹೆಕ್ಟೇರಿಗೆ 40 ಕ್ವಿಂಟಲ್, ವಿಮಾ ಮೊತ್ತ ₹50,000, ನಾಲ್ಕು ತುಂಡುಗಳ ಸರಾಸರಿ 36 ಕ್ವಿಂಟಲ್ ಎಂದಿರಲಿ. ಕೊರತೆ ಶೇಕಡಾ 10, ಪರಿಹಾರ ₹5,000.

ಆದರೆ ಎರೆ, ಮಸಾರಿ ಹೊಲಗಳೂ ನೀರಾವರಿ, ಮಳೆಯಾಶ್ರಿತ ಹೊಲಗಳೂ ಬೆರೆತ ಪಂಚಾಯಿತಿಯಲ್ಲಿ ಹೊಲದಿಂದ ಹೊಲಕ್ಕೆ ಇಳುವರಿ ಬಹಳ ಬದಲಾಗುತ್ತದೆ. ಆ ಬದಲಾವಣೆಯ ಅಳತೆಯಾದ ಮಾನಕ ವಿಚಲನೆಯು 10 ಕ್ವಿಂಟಲ್ ಎಂದಾದರೆ, ನಾಲ್ಕು ತುಂಡುಗಳ ಸರಾಸರಿಯಲ್ಲಿ ಇರುವ ಮಾನಕ ದೋಷವು ಹತ್ತನ್ನು ನಾಲ್ಕರ ವರ್ಗಮೂಲದಿಂದ ಭಾಗಿಸಿದಷ್ಟು, ಎಂದರೆ 5 ಕ್ವಿಂಟಲ್. ಪಂಚಾಯಿತಿಯ ನಿಜವಾದ ಸರಾಸರಿ 31 ಇದ್ದಿರಬಹುದು, 41 ಇದ್ದಿರಬಹುದು. 31 ಆಗಿದ್ದರೆ ನ್ಯಾಯವಾಗಿ ಸಿಗಬೇಕಾದ ಪರಿಹಾರ ₹11,250. 41 ಆಗಿದ್ದರೆ ಏನೂ ಇಲ್ಲ.

ಈ ಅನಿಶ್ಚಿತತೆಯನ್ನು ಯಾವ ತಂತ್ರಾಂಶವೂ ಅದೇ ನಾಲ್ಕು ತುಂಡುಗಳಿಂದ ಅಳಿಸಲಾರದು. ಏಕೆಂದರೆ ಆ ನಾಲ್ಕರಲ್ಲಿ ಇರುವ ಮಾಹಿತಿ ಅಷ್ಟೇ, ಮತ್ತು ಅದೇ ರಾವ್ ಅವರ ಮಿತಿಯ ಮಾತು. ದೋಷವನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ತುಂಡುಗಳನ್ನು ಹದಿನಾರಕ್ಕೆ ಏರಿಸಬೇಕು, ಇಲ್ಲವೇ ಹೊಸ ಮಾಹಿತಿಯನ್ನು ತರಬೇಕು: ಉಪಗ್ರಹದ ಚಿತ್ರ, ಮಳೆಮಾಪಕದ ದಾಖಲೆ, ಮಣ್ಣಿನ ಬಗೆ, ಬಿತ್ತನೆಯ ದಿನಾಂಕ. ಬೃಹತ್ ದತ್ತಾಂಶದ ನಿಜವಾದ ಪ್ರಯೋಜನ ಇರುವುದು ಇಲ್ಲಿ. ತೂಗಿ ಬರೆದ ನಾಲ್ಕು ಅಂಕಿಗಳನ್ನು ಬದಿಗೊತ್ತಲು ಅದನ್ನು ಬಳಸಬಾರದು. ಅವುಗಳ ದೌರ್ಬಲ್ಯವನ್ನು ತುಂಬಲು ಬಳಸಬೇಕು.

ಕಲಿಸುವವರು, ಕಲಿಯುವ ಭಾಷೆ

ಈ ಪಾಠಕ್ಕೆ ಬೇಕಾದ ವಿದ್ಯಾಸಂಸ್ಥೆಗಳು ಸೀಮೆಯಲ್ಲಿವೆ. 2007ರಲ್ಲಿ ಆರಂಭವಾದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಹೂವಿನಹಡಗಲಿಯಲ್ಲಿಯೇ ಇದೆ. 2010ರಲ್ಲಿ ಸ್ಥಾಪನೆಯಾದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಅಡಿಯಲ್ಲಿ ಪದವಿ ಕಾಲೇಜುಗಳಿವೆ. ಸಂವಿಧಾನದ 371ಜೆ ವಿಧಿಯಿಂದಾಗಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ದೊರೆತಿದೆ. 2018ರಲ್ಲಿ ದಾವಣಗೆರೆಯಿಂದ ಬಳ್ಳಾರಿ ಜಿಲ್ಲೆಗೆ ಮರಳಿದ ಹರಪನಹಳ್ಳಿಗೂ ಆ ಸೌಲಭ್ಯ ಬಂದಿದೆ. ಸೀಟು ದೊರೆಯುವ ದಾರಿ ಹೀಗೆ ಸುಗಮವಾಗಿರುವಾಗ, ಆ ಸೀಟಿನಲ್ಲಿ ಕುಳಿತವರು ಏನನ್ನು ಕಲಿಯುತ್ತಾರೆ ಎಂಬುದೇ ಉಳಿದಿರುವ ಪ್ರಶ್ನೆ.

ಗಣಕ ವಿಜ್ಞಾನದ ಅಧ್ಯಾಪಕರೊಬ್ಬರೇ ಇದನ್ನು ಹೊರಲಾರರು. ಸಂಖ್ಯಾಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಹಾಗೂ ಕೃಷಿ ಇಲಾಖೆಯ ಅನುಭವ ಒಂದೆಡೆ ಕೂಡಬೇಕು. ಬೆಳೆ ಕಟಾವಿನ ಹೊಲಕ್ಕೆ ಹೋಗುವ ಗ್ರಾಮ ಆಡಳಿತಾಧಿಕಾರಿ, ಸಹಾಯಕ ಕೃಷಿ ಅಧಿಕಾರಿಗಳು ತರಗತಿಗೆ ಬಂದು ಒಂದು ಗಂಟೆ ಮಾತನಾಡಿದರೆ ಮಾದರಿ ಆಯ್ಕೆಯ ಅಧ್ಯಾಯ ಪುಸ್ತಕದಿಂದ ಹೊರಬಂದು ನಿಲ್ಲುತ್ತದೆ.

ಭಾಷೆಯ ತೊಡಕನ್ನೂ ಮುಚ್ಚಿಡಬೇಕಾಗಿಲ್ಲ. ಸರಾಸರಿ, ಮಧ್ಯಾಂಕ, ಬಹುಲಕ, ಸಂಭವನೀಯತೆ ಎಂಬ ಮಾತುಗಳನ್ನು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ವಿದ್ಯಾರ್ಥಿಯು ಪದವಿಗೆ ಬಂದೊಡನೆ ಅವೇ ಪರಿಕಲ್ಪನೆಗಳನ್ನು ಅಪರಿಚಿತರಂತೆ ಇಂಗ್ಲಿಷಿನಲ್ಲಿ ಮತ್ತೆ ಭೇಟಿಯಾಗುತ್ತಾನೆ. ಆಜ್ಞೆಗಳನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕಾದುದು ಅನಿವಾರ್ಯವಾದರೂ, ತರ್ಕವನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ವಿಶ್ಲೇಷಣೆಯ ಫಲವನ್ನು ಪಂಚಾಯಿತಿಯ ಗ್ರಾಮಸಭೆಯಲ್ಲಿ ಓದಿ ಹೇಳಬೇಕಾದ ದಿನ ಬಂದಾಗ ಆ ಕನ್ನಡವೇ ಕೆಲಸಕ್ಕೆ ಬರುತ್ತದೆ.

ಅಂಥ ದಿನಗಳು ದೂರವಿಲ್ಲ. ಕೇಂದ್ರ ಕೃಷಿ ಸಚಿವಾಲಯವು 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಗೆ ಯೆಸ್‌–ಟೆಕ್ ಎಂಬ ಕ್ರಮವನ್ನು ತಂದು, ಬೆಳೆ ಕಟಾವಿನ ಅಂಕಿಗಳ ಜೊತೆಗೆ ದೂರಸಂವೇದಿ ಅಂದಾಜಿಗೂ ಕನಿಷ್ಠ ಶೇಕಡಾ 30ರಷ್ಟು ತೂಕ ಕೊಟ್ಟಿದೆ. ಮರುವರ್ಷ ಸೋಯಾಬೀನ್ ಕೂಡ ಈ ಪಟ್ಟಿಗೆ ಸೇರಿತು. ಹಡಗಲಿ, ಹರಪನಹಳ್ಳಿ ಸೀಮೆಯ ಮುಖ್ಯ ಬೆಳೆಯಾದ ಮೆಕ್ಕೆಜೋಳಕ್ಕೂ ಅದು ವಿಸ್ತರಿಸಿದಾಗ, ಉಪಗ್ರಹದ ಮಾದರಿಯು ಹೊಳಲಿನ ಮಸಾರಿ ನೆಲಕ್ಕೆ ಹೊಂದುತ್ತದೆಯೇ, ಅದರ ದೋಷವೆಷ್ಟು, ಶೇಕಡಾ 30 ಎಂಬ ತೂಕ ಇಲ್ಲಿಗೆ ಸರಿಯೇ ಎಂದು ಪರೀಕ್ಷಿಸಲು ಈ ತಾಲ್ಲೂಕುಗಳ ಕಾಲೇಜುಗಳಲ್ಲಿಯೇ ತರಬೇತಾದ ಪದವೀಧರರು ಬೇಕಾಗುತ್ತಾರೆ. ಅದಕ್ಕೆ ಅವಶ್ಯವಾದ ಮೊದಲ ದತ್ತಾಂಶವನ್ನು ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ ಮೆಕ್ಕೆಜೋಳದ ಕಟಾವು ನಡೆಯುವಾಗ, ಅಧಿಕಾರಿಗಳ ಜೊತೆಗೆ ಹೊಲಕ್ಕೆ ಹೋಗಿ, ಹಗ್ಗ ಹಿಡಿದು ತುಂಡನ್ನು ಅಳೆಯುವ ವಿದ್ಯಾರ್ಥಿಗಳೇ ಸಂಗ್ರಹಿಸಬಹುದು.